ದೊಡ್ಡ ಗೋಣಿಸೊಪ್ಪು ಮತ್ತು ಸಣ್ಣ ಗೋಣಿಸೊಪ್ಪು: ಇವುಗಳ ಭೇದವೂ ಗುಣದೋಷಗಳೂ

ಮುಂಗಾರಿನ ಮೊದಲನೆಯ ಹದಮಳೆ ಬಿದ್ದು ಎಂಟು ಹತ್ತು ದಿವಸಗಳು ಕಳೆಯುವಷ್ಟರಲ್ಲಿಯೇ ನಮ್ಮ ಹೊಲಗಳಲ್ಲಿಯೂ, ತೋಟದ ಪಾತಿಗಳಲ್ಲಿಯೂ, ಕಣದ ಅಂಚಿನಲ್ಲಿಯೂ, ಊರ ಹಾದಿಗಳ ಮಗ್ಗುಲಲ್ಲಿಯೂ ನೆಲವನ್ನು ಅಪ್ಪಿಕೊಂಡು ಬೆಳೆಯುವ ಒಂದು ಪುಟ್ಟ ಗಿಡವು ತಲೆದೋರುತ್ತದೆ. ಇದರ ಕಾಂಡವೂ ಎಲೆಯೂ ರಸದಿಂದ ತುಂಬಿ ದಪ್ಪವಾಗಿರುತ್ತವೆ; ಬಿಸಿಲೇರಿದ ಮೇಲೆ ಹಳದಿಯ ಬಣ್ಣದ ಚಿಕ್ಕ ಹೂಗಳು ಅರಳಿ ಮಧ್ಯಾಹ್ನ ಕಳೆಯುವಷ್ಟರಲ್ಲಿ ಮುಚ್ಚಿಕೊಳ್ಳುತ್ತವೆ. ಹೆಂಗಸರು ಇದನ್ನು ಕಿತ್ತು ಮಡಿಲು ತುಂಬಿಕೊಂಡು ಹೋಗಿ ಸಾರು, ಹುಳಿ, ಪಲ್ಯಗಳಿಗೆ ಉಪಯೋಗಿಸುತ್ತಾರೆ. ಬೇಸಾಯಗಾರನು ಇದನ್ನೇ ಕಳೆಯೆಂದು ಶಪಿಸುತ್ತಾನೆ. ಕುರಿಯ ಮಂದೆಯು ಇದನ್ನು ಕಂಡರೆ ಬಿಡದೆ ಮೇಯುತ್ತದೆ.

ಹೀಗೆ ಸರ್ವರಿಗೂ ಪರಿಚಿತವಾದ ಈ ಗಿಡವು ಒಂದೇ ಜಾತಿಯದೆಂದು ಬಹುಮಂದಿ ಭಾವಿಸಿರುವರು. ಆದರೆ ಸೂಕ್ಷ್ಮವಾಗಿ ಪರೀಕ್ಷಿಸಿದರೆ ನಮ್ಮ ನೆಲದಲ್ಲಿ ಒಂದರ ಪಕ್ಕದಲ್ಲಿಯೇ ಮತ್ತೊಂದು ಬೆಳೆಯುವ ಎರಡು ಬೇರೆ ಬೇರೆ ಜಾತಿಗಳು ಇರುವುದು ಕಂಡುಬರುತ್ತದೆ. ಇವು ಒಂದೇ ಕುಲಕ್ಕೆ ಸೇರಿದವುಗಳಾದರೂ ಇವುಗಳ ಬೆಳೆಯುವ ರೀತಿಯು ಬೇರೆ. ಆದಕಾರಣ ಹೊಲದಿಂದ ಇವನ್ನು ತೆಗೆಯುವ ರೀತಿಯೂ ಬೇರೆಯಾಗಿರಬೇಕು. ಅಲ್ಲದೆ, ಇವುಗಳನ್ನೇ ಹೋಲುವ ಇತರ ಗಿಡಗಳನ್ನು ಗುರುತಿಸದೆ ಅಡುಗೆಗೆ ತರುವುದರಿಂದಲೂ, ಹಸಿದ ಮಂದೆಯನ್ನು ಇವುಗಳ ಮೇಲೆ ಹಠಾತ್ತನೆ ಬಿಡುವುದರಿಂದಲೂ ಹಾನಿಯು ಉಂಟಾಗುವುದುಂಟು. ಗ್ರಾಮದ ಮುಖಂಡರೂ ಜಮೀನುದಾರರೂ ಈ ವಿಷಯವನ್ನು ತಿಳಿದುಕೊಂಡು ತಮ್ಮ ಊರಿನ ಒಕ್ಕಲುಮಕ್ಕಳಿಗೂ ಕುರಿಗಾಹಿಗಳಿಗೂ ತಿಳಿಸುವುದು ಯುಕ್ತವೆಂದು ಎಣಿಸಿ ಈ ಲೇಖನವನ್ನು ಬರೆದಿದೆ.

ಹೆಸರುಗಳು

ಇವುಗಳಿಗೆ ಸೀಮೆಸೀಮೆಗೂ ಹೆಸರು ಬದಲಾಗುತ್ತದೆ. ಗೋಣಿಸೊಪ್ಪು, ಗೋಳಿಸೊಪ್ಪು, ಗೋಳಿಪಲ್ಯ, ಹಾಲಿಬಚ್ಚಲಿ ಎಂಬ ಹೆಸರುಗಳು ಕೆಲವೆಡೆ ಒಂದಕ್ಕೆ, ಕೆಲವೆಡೆ ಮತ್ತೊಂದಕ್ಕೆ, ಇನ್ನು ಕೆಲವೆಡೆ ಎರಡಕ್ಕೂ ಸಲ್ಲುತ್ತವೆ. ಮರಾಠಿಯವರು ದೊಡ್ಡ ಜಾತಿಯನ್ನು ಘೋಳ್ ಎಂದು ಕರೆಯುವುದು ನಮ್ಮ ಗೋಳಿ ಎಂಬ ಮಾತಿಗೆ ಸಮೀಪವಾಗಿದೆ. ಹಿಂದಿ ಸೀಮೆಯಲ್ಲಿ ಇದಕ್ಕೆ ಕುಲ್ಫಾ ಎಂದು ಹೆಸರು. ಗೊಂದಲವಾಗದಿರಲೆಂದು ಈ ಲೇಖನದಲ್ಲಿ ದೊಡ್ಡ ಎಲೆಯ ಜಾತಿಯನ್ನು ದೊಡ್ಡಗೋಣಿ ಎಂದೂ, ಸಣ್ಣ ಎಲೆಯ ಜಾತಿಯನ್ನು ಸಣ್ಣಗೋಣಿ ಎಂದೂ ಕರೆಯಲಾಗುವುದು.

ಸಸ್ಯಶಾಸ್ತ್ರಜ್ಞರು ದೊಡ್ಡಗೋಣಿಗೆ ಪೋರ್ಚುಲಾಕ ಓಲರೇಸಿಯ ಎಂದೂ, ಸಣ್ಣಗೋಣಿಗೆ ಪೋರ್ಚುಲಾಕ ಕ್ವಾಡ್ರಿಫಿಡ ಎಂದೂ ಹೆಸರಿಟ್ಟಿದ್ದಾರೆ. ಎರಡು ಹೆಸರುಗಳನ್ನೂ ಕೊಟ್ಟವನು ಸ್ವೀಡನ್ ದೇಶದ ಪ್ರಖ್ಯಾತ ಪಂಡಿತನಾದ ಲಿನ್ನೇಯಸ್ಸನು. ಮೊದಲನೆಯದನ್ನು ೧೭೫೩ರಲ್ಲಿಯೂ ಎರಡನೆಯದನ್ನು ೧೭೬೭ರಲ್ಲಿಯೂ ಪ್ರಕಟಿಸಿದನು. ಓಲರೇಸಿಯ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಅಡುಗೆಗೆ ಬರುವ ಸೊಪ್ಪು ಎಂದರ್ಥ. ಕ್ವಾಡ್ರಿಫಿಡ ಎಂದರೆ ನಾಲ್ಕಾಗಿ ಸೀಳಿದ್ದು ಎಂದರ್ಥ. ಈ ಎರಡು ಹೆಸರುಗಳಲ್ಲಿಯೇ ಒಂದರ ಉಪಯೋಗವೂ ಇನ್ನೊಂದರ ಗುರುತೂ ಅಡಗಿವೆ. ನಮ್ಮ ಮನೆಗಳ ಮುಂದೆ ಕುಂಡಗಳಲ್ಲಿ ಬೆಳೆಸುವ, ಬಣ್ಣಬಣ್ಣದ ಹೂ ಬಿಡುವ ಟೇಬಲ್ ರೋಸ್ ಎಂಬ ಗಿಡವೂ ಇದೇ ಕುಲಕ್ಕೆ ಸೇರಿದ್ದು. ಅದು ದಕ್ಷಿಣ ಅಮೇರಿಕದಿಂದ ಬಂದದ್ದು.

ದೊಡ್ಡಗೋಣಿಯ ಲಕ್ಷಣಗಳು

ದೊಡ್ಡಗೋಣಿಯು ಒಂದು ತಾಯಿಬೇರಿನಿಂದ ಹೊರಟು ಸುತ್ತಲೂ ಗಾಡಿಯ ಚಕ್ರದ ಅರಗಳಂತೆ ಕವಲುಗಳನ್ನು ಚಾಚುತ್ತದೆ. ಜಾಗವು ಇಕ್ಕಟ್ಟಾಗಿದ್ದರೆ ಕವಲುಗಳು ಸ್ವಲ್ಪ ತಲೆಯೆತ್ತಿ ನಿಲ್ಲುತ್ತವೆ. ಬಯಲಿನಲ್ಲಿದ್ದರೆ ನೆಲಕ್ಕೆ ಒರಗಿ ಹರಡುತ್ತವೆ. ಕಾಂಡವು ದುಂಡಗೆ ನುಣುಪಾಗಿ, ಬಿಸಿಲು ಬೀಳುವ ಕಡೆಯಲ್ಲಿ ಕೆಂಪು ಛಾಯೆಯಿಂದ ಕೂಡಿರುತ್ತದೆ. ಎಲೆಗಳು ೧ರಿಂದ ೩ ಸೆಂಟಿಮೀಟರು ಉದ್ದವಾಗಿದ್ದು, ಬುಡದಲ್ಲಿ ಕಿರಿದಾಗಿ ತುದಿಯಲ್ಲಿ ಅಗಲವಾಗಿ, ಚಿಕ್ಕ ಚಮಚದ ಆಕಾರವನ್ನು ಹೋಲುತ್ತವೆ. ಇವು ಕಾಂಡದ ಮೇಲೆ ಸಾಮಾನ್ಯವಾಗಿ ಒಂದಾದಮೇಲೊಂದರಂತೆ ಬದಿ ಬದಲಾಯಿಸಿ ಹುಟ್ಟುತ್ತವೆ; ಕವಲಿನ ತುದಿಯಲ್ಲಿ ಮಾತ್ರ ಒತ್ತಾಗಿ ಗುಂಪುಗೂಡುತ್ತವೆ. ಎಲೆಯ ಕಂಕುಳಲ್ಲಿರುವ ಕೂದಲುಗಳು ಕಣ್ಣಿಗೆ ಬೀಳದಷ್ಟು ಸಣ್ಣವು.

ಹೂಗಳು ಕವಲಿನ ತುದಿಯ ಎಲೆಗಳ ನಡುವೆ ತೊಟ್ಟಿಲ್ಲದೆ ಕುಳಿತಿರುತ್ತವೆ. ಪ್ರತಿಯೊಂದಕ್ಕೂ ಹೊರಗೆ ಎರಡು ಪುಷ್ಪಪತ್ರಗಳೂ, ಒಳಗೆ ಸಾಮಾನ್ಯವಾಗಿ ಐದು ಹಳದಿ ದಳಗಳೂ ಇರುತ್ತವೆ. ಬಿಸಿಲಿಲ್ಲದ ಮೋಡದ ದಿವಸ ಹೂವು ಅರಳದೆ ಇದ್ದರೂ ಒಳಗೊಳಗೇ ಪರಾಗವು ಸೇರಿ ಕಾಯಿ ಕಟ್ಟುತ್ತದೆ. ಕಾಯಿಯು ಕುಂಕುಮದ ಭರಣಿಯಂತಿದ್ದು ಬಲಿತಾಗ ಮೇಲಿನ ಅರ್ಧವು ಮುಚ್ಚಳದಂತೆ ಕಳಚಿ ಬೀಳುತ್ತದೆ. ಒಳಗಿನ ಕಪ್ಪು ಬೀಜಗಳು ಗಾಳಿಗೂ ಮಳೆಯ ಹನಿಗೂ ಉದುರುತ್ತವೆ. ಬೀಜವೊಂದು ಒಂದು ಮಿಲಿಮೀಟರಿಗಿಂತಲೂ ಚಿಕ್ಕದು.

ಸಣ್ಣಗೋಣಿಯ ಲಕ್ಷಣಗಳು

ಸಣ್ಣಗೋಣಿಯ ಕಾಂಡವು ದಾರದಂತೆ ತೆಳ್ಳಗಿರುತ್ತದೆ. ಅದು ನೆಲದ ಮೇಲೆ ಹರಿಯುತ್ತಾ ಹೋದಂತೆ ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಮಣ್ಣನ್ನು ಹಿಡಿದುಕೊಳ್ಳುತ್ತದೆ. ಆದಕಾರಣ ಅದು ಚಾಪೆ ಹಾಸಿದಂತೆ ಕಾಣುವುದೇ ಹೊರತು, ದೊಡ್ಡಗೋಣಿಯಂತೆ ಒಂದು ಬುಡದ ಸುತ್ತ ಹರಡಿದ ಗಿಡದಂತೆ ಕಾಣುವುದಿಲ್ಲ. ಎಲೆಗಳು ೪ರಿಂದ ೧೦ ಮಿಲಿಮೀಟರು ಮಾತ್ರ ಉದ್ದವಾಗಿದ್ದು ಎರಡೆರಡಾಗಿ ಎದುರುಬದುರಿಗೆ ಹುಟ್ಟುತ್ತವೆ. ಪ್ರತಿ ಗೆಣ್ಣಿನಲ್ಲಿಯೂ ಬಿಳಿಯ ಕೂದಲುಗಳ ಒಂದು ಕುಚ್ಚು ಸ್ಪಷ್ಟವಾಗಿ ತೋರುತ್ತದೆ. ಗಿಡವನ್ನು ಬೆಳಕಿಗೆ ಹಿಡಿದು ನೋಡಿದರೆ ಮಕ್ಕಳಿಗೂ ಇದು ತಿಳಿಯುವುದು.

ಹೂವು ಕವಲಿನ ತುದಿಯಲ್ಲಿ ಬಹುಮಟ್ಟಿಗೆ ಒಂಟಿಯಾಗಿದ್ದು, ಅದರ ಕೆಳಗೆ ನಾಲ್ಕು ಎಲೆಗಳೂ ಬಿಳಿಯ ಕೂದಲುಗಳೂ ಸುತ್ತುವರಿದಿರುತ್ತವೆ. ದಳಗಳು ನಾಲ್ಕು; ಹೆಣ್ಣುಕೇಸರದ ತುದಿಯೂ ನಾಲ್ಕಾಗಿ ಸೀಳಿರುತ್ತದೆ. ಲಿನ್ನೇಯಸ್ಸನು ಕೊಟ್ಟ ಹೆಸರಿಗೆ ಈ ನಾಲ್ಕೆಂಬ ಸಂಖ್ಯೆಯೇ ಆಧಾರ. ಕಾಯಿಯು ಇಲ್ಲಿಯೂ ಮುಚ್ಚಳ ಕಳಚಿಯೇ ಒಡೆಯುತ್ತದೆ.

ಹೊಲದಲ್ಲಿ ನಿಂತು ಗುರುತಿಸಬೇಕಾದವರು ಹೂವಿಗಾಗಿ ಕಾಯಬೇಕಾದುದಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಎಲೆಗಳು ಬದಿ ಬದಲಾಯಿಸಿ ಹುಟ್ಟಿವೆಯೋ, ಎದುರುಬದುರಾಗಿ ಹುಟ್ಟಿವೆಯೋ? ಗೆಣ್ಣಿನಲ್ಲಿ ಬಿಳಿಯ ಕೂದಲಿನ ಕುಚ್ಚು ಇಲ್ಲವೋ, ಇದೆಯೋ? ಕವಲನ್ನು ಮೆಲ್ಲಗೆ ಎತ್ತಿದರೆ ಅದು ಸಲೀಸಾಗಿ ಮೇಲೇಳುವುದೋ, ಗೆಣ್ಣುಗಳಲ್ಲಿ ಬೇರೂರಿ ನೆಲವನ್ನು ಹಿಡಿದುಕೊಂಡಿರುವುದೋ? ಮೂರಕ್ಕೂ ಮೊದಲನೆಯ ಉತ್ತರ ಬಂದರೆ ದೊಡ್ಡಗೋಣಿ. ಎರಡನೆಯದು ಬಂದರೆ ಸಣ್ಣಗೋಣಿ. ಎಲೆಯ ದೊಡ್ಡಸಣ್ಣತನವೊಂದನ್ನೇ ನಂಬಬಾರದು. ಏತಕ್ಕೆಂದರೆ ಬಡ ನೆಲದಲ್ಲಿ ಸೊರಗಿದ ದೊಡ್ಡಗೋಣಿಯ ಎಲೆಯೂ ಸಣ್ಣದಾಗಿರುತ್ತದೆ. ಎಲೆಗಳ ಜೋಡಣೆಯ ಈ ಭೇದವು ಕೇವಲ ಮೇಲುನೋಟದ್ದಲ್ಲ. ಈ ಕುಲದ ವಂಶಾವಳಿಯನ್ನು ಇತ್ತೀಚೆಗೆ ಪರಿಶೋಧಿಸಿದ ಪಂಡಿತರು, ಎದುರುಬದುರು ಎಲೆಯವು ಒಂದು ಶಾಖೆಯೆಂದೂ ಬದಿ ಬದಲಾಯಿಸುವ ಎಲೆಯವು ಇನ್ನೊಂದು ಶಾಖೆಯೆಂದೂ ಕಂಡುಹಿಡಿದಿದ್ದಾರೆ. ಹೀಗಾಗಿ ಇವೆರಡನ್ನೂ ಒಡಹುಟ್ಟಿದವುಗಳೆನ್ನುವುದಕ್ಕಿಂತ ದಾಯಾದಿಗಳೆನ್ನುವುದು ಹೆಚ್ಚು ಸರಿಯಾಗಿರುವುದು.

ಇವುಗಳೆಂದು ಭ್ರಮೆಪಡಿಸುವ ಗಿಡಗಳು

ಅಡುಗೆಗಾಗಿ ಸೊಪ್ಪನ್ನು ಕೀಳುವವರು ಎರಡು ಬಗೆಯ ಗಿಡಗಳ ವಿಷಯದಲ್ಲಿ ಎಚ್ಚರಿಕೆಯಿಂದಿರತಕ್ಕದ್ದು.

ಒಂದನೆಯದು ಮುಚ್ಚುಗೋಣಿ. ಇದಕ್ಕೆ ಶಾಸ್ತ್ರದಲ್ಲಿ ಟ್ರಯಾಂತಿಮ ಪೋರ್ಚುಲಾಕಾಸ್ಟ್ರಮ್ ಎಂದು ಹೆಸರು. ಹೆಸರಿನಲ್ಲಿ ಗೋಣಿ ಇದ್ದರೂ ಇದು ಬೇರೆ ಕುಟುಂಬದ ಗಿಡ. ಇದರ ಎಲೆಗಳು ಎದುರುಬದುರಾಗಿದ್ದರೂ ಒಂದು ಜೋಡಿಯಲ್ಲಿ ಒಂದು ದೊಡ್ಡದಾಗಿಯೂ ಮತ್ತೊಂದು ಬಹಳ ಚಿಕ್ಕದಾಗಿಯೂ ಇರುತ್ತವೆ. ಹೂವು ಹಳದಿಯಲ್ಲ, ಬಿಳಿ ಅಥವಾ ನಸುಗೆಂಪು. ಅದು ಎಲೆಯ ಕಂಕುಳಲ್ಲಿ ಚೀಲದಂತಹ ಭಾಗದೊಳಗೆ ಅರ್ಧ ಹುದುಗಿರುತ್ತದೆ. ಇದರ ಎಳೆಯ ಕುಡಿಯನ್ನು ಕೆಲವೆಡೆ ಬೇಯಿಸಿ ತಿನ್ನುವರಾದರೂ, ಬಲಿತ ಸೊಪ್ಪಿನಿಂದ ಹೊಟ್ಟೆ ಕೆಟ್ಟು ಭೇದಿಯಾಗುವುದುಂಟು.

ಎರಡನೆಯದು ನೆಲದ ಮೇಲೆ ಹಬ್ಬುವ ಹಾಲುಗಿಡಗಳು. ಇವುಗಳ ಕಾಂಡವನ್ನು ಮುರಿದ ಕೂಡಲೆ ಬಿಳಿಯ ಹಾಲು ಒಸರುತ್ತದೆ. ಗೋಣಿಯ ಎರಡು ಜಾತಿಗಳಲ್ಲಿಯೂ ಹಾಲು ಇರುವುದಿಲ್ಲ. ನೀರಿನಂತಹ ತಿಳಿರಸವು ಮಾತ್ರ ಬರುತ್ತದೆ. ಆದುದರಿಂದ ಕಾಂಡವನ್ನು ಮುರಿದು ನೋಡದೆ ಯಾವ ಸೊಪ್ಪನ್ನೂ ಮಡಿಲಿಗೆ ಹಾಕಬಾರದೆಂದು ಮನೆಯ ಹೆಣ್ಣುಮಕ್ಕಳಿಗೂ ಕೂಲಿಯವರಿಗೂ ಹೇಳಿಕೊಡುವುದು ಒಳ್ಳೆಯದು.

ಬಿಸಿಲಿಗೂ ಬರಕ್ಕೂ ಬಾಡದಿರುವ ಕಾರಣ

ಸುತ್ತಲಿನ ಗಿಡಗಳೆಲ್ಲ ಬಾಡಿ ತಲೆಬಾಗಿಸಿದಾಗಲೂ ಗೋಣಿಯು ಹಸುರಾಗಿಯೇ ಇರುವುದನ್ನು ಎಲ್ಲರೂ ನೋಡಿರುವರು. ದಪ್ಪವಾದ ಎಲೆ ಮತ್ತು ಕಾಂಡಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುವುದು ಇದಕ್ಕೆ ಒಂದು ಕಾರಣ. ದೊಡ್ಡಗೋಣಿಯ ಹಸಿ ಸೊಪ್ಪಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ನೀರೇ ಇರುತ್ತದೆ. ಆದರೆ ಇದಕ್ಕಿಂತಲೂ ಮುಖ್ಯವಾದ ಕಾರಣವು ಗಿಡದ ಉಸಿರಾಟದಲ್ಲಿ ಅಡಗಿದೆ.

ಸಸ್ಯಗಳು ಎಲೆಯ ಸಣ್ಣ ರಂಧ್ರಗಳ ಮೂಲಕ ಇಂಗಾಲಾಮ್ಲವಾಯುವನ್ನು ಹೀರಿ, ಸೂರ್ಯನ ಬೆಳಕಿನ ಸಹಾಯದಿಂದ ತಮ್ಮ ಆಹಾರವನ್ನು ತಯಾರಿಸುತ್ತವೆ. ಹಗಲಿನಲ್ಲಿ ಈ ರಂಧ್ರಗಳು ತೆರೆದಿರುವಾಗ ಎಲೆಯೊಳಗಿನ ನೀರೂ ಆವಿಯಾಗಿ ಹೊರಟುಹೋಗುತ್ತದೆ. ಜೋಳ, ರಾಗಿ, ಮೆಕ್ಕೆಜೋಳ, ಕಬ್ಬು ಈ ಬೆಳೆಗಳು ವಾಯುವನ್ನು ಮೊದಲು ಒಂದು ಆಮ್ಲವಾಗಿ ಮಾರ್ಪಡಿಸಿ ಬಳಸುವ ಒಂದು ವಿಶೇಷ ಕ್ರಮವನ್ನು ಹೊಂದಿರುವುದರಿಂದ, ಬತ್ತ, ನೆಲಗಡಲೆ, ದ್ವಿದಳಧಾನ್ಯಗಳಿಗಿಂತ ಕಡಮೆ ನೀರಿನಲ್ಲಿ ಹೆಚ್ಚು ಬೆಳೆಯಬಲ್ಲವು. ಗೋಣಿಯ ಎರಡು ಜಾತಿಗಳಿಗೂ ಈ ಕ್ರಮವು ಸಿದ್ಧಿಸಿದೆ. ಅದರ ಮೇಲೆ ದೊಡ್ಡಗೋಣಿಯು ನೀರಿನ ಅಭಾವವು ತೋರಿದ ಕೂಡಲೆ ಮತ್ತೊಂದು ಉಪಾಯವನ್ನು ಹೂಡುತ್ತದೆ: ಪಾಪಾಸುಕಳ್ಳಿಯಂತೆ ಹಗಲಿನಲ್ಲಿ ರಂಧ್ರಗಳನ್ನು ಮುಚ್ಚಿಕೊಂಡು ತಂಪಾದ ರಾತ್ರಿಯಲ್ಲಿ ತೆರೆದು, ಆಗ ಹೀರಿದ ವಾಯುವನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲಾದ ಮೇಲೆ ಬಳಸಿಕೊಳ್ಳುತ್ತದೆ. ಈ ಎರಡು ಕ್ರಮಗಳೂ ಒಂದೇ ಎಲೆಯ ಅದೇ ಕಣಗಳಲ್ಲಿ ಒಟ್ಟಿಗೆ ನಡೆಯುತ್ತವೆಂಬುದನ್ನು ಅಮೇರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ೨೦೨೨ರಲ್ಲಿ ತೋರಿಸಿಕೊಟ್ಟರು. ಸಸ್ಯಲೋಕದಲ್ಲಿ ಇದು ಬಹು ಅಪರೂಪವಾದ ಸಂಗತಿ.

ಮುಂಜಾನೆ ಕಿತ್ತ ಸೊಪ್ಪು ಹೆಚ್ಚು ಹುಳಿಯಾಗಿಯೂ ಸಂಜೆ ಕಿತ್ತದ್ದು ಕಡಮೆ ಹುಳಿಯಾಗಿಯೂ ಇರುವುದಕ್ಕೆ ರಾತ್ರಿ ಕೂಡಿಟ್ಟ ಈ ಹುಳಿಯೇ ಕಾರಣ. ಮಳೆ ಹಿಂದೆಗೆದ ವರ್ಷದಲ್ಲಿ ನೆಲಗಡಲೆಯು ಸೊರಗಿ ಗೋಣಿಯು ಹಬ್ಬುವುದು ಏತಕ್ಕೆಂಬುದೂ ಇದರಿಂದ ವಿಶದವಾಗುವುದು. ಬರವು ಬೆಳೆಗೆ ಶತ್ರುವಾದರೆ ಈ ಕಳೆಗೆ ಒಂದು ವಿಧದಲ್ಲಿ ಮಿತ್ರನೇ ಆಗಿದೆ.

ಹರಡುವ ಬಗೆ

ದೊಡ್ಡಗೋಣಿಯ ಬಲವೆಲ್ಲ ಅದರ ಬೀಜದಲ್ಲಿದೆ. ಮೊಳೆತ ನಾಲ್ಕಾರು ವಾರಗಳಲ್ಲಿ ಹೂ ಬಿಟ್ಟು, ಅಲ್ಲಿಂದ ಒಂದೆರಡು ವಾರಗಳಲ್ಲಿಯೇ ಬೀಜವು ಬಲಿಯುತ್ತದೆ. ಅನುಕೂಲವಾದ ನೆಲದಲ್ಲಿ ಚೆನ್ನಾಗಿ ಬೆಳೆದ ಒಂದೇ ಗಿಡವು ಲಕ್ಷಕ್ಕೂ ಮೀರಿದ ಬೀಜಗಳನ್ನು ಕೊಡಬಲ್ಲದು. ಬೀಜವು ಮೊಳೆಯಲು ಬೆಚ್ಚಗಿರುವ ನೆಲವೂ ಬೆಳಕೂ ಬೇಕು. ಆದಕಾರಣ ಮೇಲಿನ ಅರ್ಧ ಅಂಗುಲದ ಮಣ್ಣಿನಲ್ಲಿರುವ ಬೀಜಗಳೇ ಬಹುಮಟ್ಟಿಗೆ ಮೊಳೆಯುತ್ತವೆ. ಅದಕ್ಕಿಂತ ಆಳದಲ್ಲಿರುವವು ಸಾಯದೆ ನಿದ್ರಿಸುತ್ತಿದ್ದು, ಉಳುಮೆಯಿಂದ ಮೇಲಕ್ಕೆ ಬಂದಾಗ ಎಚ್ಚರಗೊಳ್ಳುತ್ತವೆ.

ಈ ನಿದ್ರೆಯು ಎಷ್ಟು ದೀರ್ಘವಾದುದೆಂಬುದಕ್ಕೆ ಒಂದು ಪ್ರಸಿದ್ಧವಾದ ಪ್ರಯೋಗವಿದೆ. ೧೮೭೯ರಲ್ಲಿ ಅಮೇರಿಕದ ಮಿಷಿಗನ್ ವ್ಯವಸಾಯ ಕಾಲೇಜಿನ ವಿಲಿಯಮ್ ಬೀಲ್ ಎಂಬ ಪ್ರಾಧ್ಯಾಪಕರು ಇಪ್ಪತ್ತು ಸೀಸೆಗಳಲ್ಲಿ ಹಲವು ಬಗೆಯ ಗಿಡಗಳ ಬೀಜಗಳನ್ನು ಹಸಿಮರಳಿನೊಡನೆ ತುಂಬಿ ನೆಲದಲ್ಲಿ ಹೂಳಿಸಿ, ಕಾಲಕಾಲಕ್ಕೆ ಒಂದೊಂದನ್ನು ಹೊರತೆಗೆದು ಪರೀಕ್ಷಿಸುವಂತೆ ಏರ್ಪಡಿಸಿದರು. ಅದರಲ್ಲಿದ್ದ ದೊಡ್ಡಗೋಣಿಯ ಬೀಜಗಳು ನಾಲ್ವತ್ತು ವರ್ಷಗಳ ತರುವಾಯವೂ ಮೊಳೆತವು. ಒಂದು ವರ್ಷ ಅಸಡ್ಡೆಯಿಂದ ಬೀಜ ಉದುರಲು ಬಿಟ್ಟರೆ ಮುಂದೆ ಬಹುಕಾಲ ಕಳೆ ತೆಗೆಯಬೇಕಾಗುವುದೆಂಬ ಅನುಭವಿಗಳ ಮಾತು ಈ ಗಿಡದ ವಿಷಯದಲ್ಲಿ ಅಕ್ಷರಶಃ ಸತ್ಯವಾದುದು.

ಸಣ್ಣಗೋಣಿಯೂ ಬೀಜದಿಂದ ಹರಡುವುದಾದರೂ ಅದರ ವಿಶೇಷ ಬಲವು ಗೆಣ್ಣಿನ ಬೇರುಗಳಲ್ಲಿದೆ. ಕಾಂಡವು ತುಂಡಾದರೆ, ಬೇರಿರುವ ಪ್ರತಿಯೊಂದು ತುಂಡೂ ಸ್ವತಂತ್ರವಾದ ಗಿಡವಾಗುತ್ತದೆ. ದೊಡ್ಡಗೋಣಿಯ ತುಂಡುಗಳೂ ತೇವವಿದ್ದರೆ ಬೇರು ಬಿಡಬಲ್ಲವು. ಆದರೆ ಅವು ತುಂಡಾದ ಮೇಲೆ ಹೊಸದಾಗಿ ಬೇರು ಬಿಡಬೇಕು, ಸಣ್ಣಗೋಣಿಯ ತುಂಡುಗಳಾದರೋ ಮೊದಲೇ ಬೇರೂರಿಕೊಂಡಿರುತ್ತವೆ.

ಹೊಲದಿಂದ ತೆಗೆಯುವ ಕ್ರಮ

೧. ದೊಡ್ಡಗೋಣಿಯನ್ನು ಹೂ ಬಿಡುವ ಮೊದಲೇ, ಅಂದರೆ ಮೊಳೆತ ಮೂರು ವಾರಗಳೊಳಗಾಗಿ ತೆಗೆಯತಕ್ಕದ್ದು. ಬುಡವನ್ನು ಹಿಡಿದು ಎಳೆದರೆ ತಾಯಿಬೇರಿನೊಡನೆ ಇಡೀ ಗಿಡವು ಬರುತ್ತದೆ. ಸಾಲುಬೆಳೆಗಳಲ್ಲಿ ಸಸಿಗಳು ಎರಡು ಎಲೆಯವಾಗಿರುವಾಗಲೇ ಬಿಸಿಲಿನ ದಿವಸ ನೋಡಿ ಎಡೆಕುಂಟೆ ಹೊಡೆದರೆ ಅವು ಒಣಗಿ ಸಾಯುತ್ತವೆ.

೨. ಕಿತ್ತ ಗಿಡವನ್ನು ಸಾಲಿನಲ್ಲಿಯೇ ಬಿಡಬಾರದು. ಇತರ ಕಳೆಗಳಂತೆ ಇದು ಒಂದೆರಡು ದಿವಸಗಳಲ್ಲಿ ಒಣಗುವುದಿಲ್ಲ. ಕಾಂಡದಲ್ಲಿ ಕೂಡಿಟ್ಟ ನೀರಿನ ಬಲದಿಂದಲೇ ಕಿತ್ತ ಮೇಲೂ ಕಾಯಿಗಳು ಬಲಿತು ಬೀಜ ಉದುರುವುದುಂಟು. ನಡುವೆ ಮಳೆ ಬಂದರೆ ಮರಳಿ ಬೇರೂರುವುದೂ ಉಂಟು. ಆದಕಾರಣ ಕುಕ್ಕೆಗಳಲ್ಲಿ ತುಂಬಿ ಹೊಲದಿಂದ ಆಚೆಗೆ ಸಾಗಿಸತಕ್ಕದ್ದು.

೩. ಸಣ್ಣಗೋಣಿಯಿರುವ ಪಾತಿಗಳಲ್ಲಿ ಕುಂಟೆ ಹೊಡೆಯುವುದರಿಂದ ಅದು ತುಂಡುತುಂಡಾಗಿ ಹರಡಿ ಕಳೆಯು ಹೆಚ್ಚುವ ಸಂಭವವೇ ಹೆಚ್ಚು. ಮಣ್ಣು ಸ್ವಲ್ಪ ಹದವಾಗಿರುವಾಗ ಕುರ್ಚಿಗೆಯಿಂದ ಅಡಿಯನ್ನು ಸಡಿಲಿಸಿ, ಚಾಪೆಯನ್ನು ಸುರುಳಿ ಸುತ್ತುವಂತೆ ಅಂಚಿನಿಂದ ಎತ್ತುತ್ತಾ ಹೋಗಬೇಕು. ಎಂಟು ಹತ್ತು ದಿವಸ ಬಿಟ್ಟು ಉಳಿದ ತುಂಡುಗಳು ಚಿಗುರಿದುದನ್ನು ನೋಡಿ ಮತ್ತೊಮ್ಮೆ ತೆಗೆಯಬೇಕು. ಈ ಎರಡನೆಯ ಕೈಯನ್ನು ತಪ್ಪಿಸಿದರೆ ಮೊದಲನೆಯ ಕೂಲಿಯು ದಂಡವಾಗುವುದು.

೪. ನೀರಾವರಿಯ ಅನುಕೂಲವಿದ್ದವರು ಈರುಳ್ಳಿ, ಮೆಣಸಿನಕಾಯಿ, ತರಕಾರಿಗಳ ಮಡಿಗಳನ್ನು ಸಿದ್ಧಮಾಡಿ, ಬಿತ್ತನೆಗೆ ಅಥವಾ ನಾಟಿಗೆ ಎರಡು ವಾರ ಮುಂಚಿತವಾಗಿ ಒಂದು ಸಲ ನೀರು ಕಟ್ಟಿ ಕಳೆಯು ಮೊಳೆಯುವಂತೆ ಮಾಡಿ, ಅದನ್ನು ಮೇಲುಮೇಲೆ ಹರಗಿ ಕೊಂದ ನಂತರ ಬಿತ್ತಿದರೆ ಮುಂದಿನ ಕೆಲಸವು ಬಹಳ ಹಗುರಾಗುವುದು. ಹೀಗೆ ಹರಗುವಾಗ ಆಳವಾಗಿ ಉಳಬಾರದು; ಉತ್ತರೆ ಅಡಿಯಲ್ಲಿ ನಿದ್ರಿಸುವ ಬೀಜಗಳು ಮೇಲಕ್ಕೆ ಬರುತ್ತವೆ. ಒಣಹುಲ್ಲು, ತರಗು ಮೊದಲಾದವುಗಳ ದಪ್ಪವಾದ ಮುಚ್ಚಿಗೆಯು ಬೆಳಕನ್ನು ತಡೆದು ಬೀಜ ಮೊಳೆಯದಂತೆ ಮಾಡುವುದು.

೫. ಬೀಜ ಕಟ್ಟಿದ ಗೋಣಿಯನ್ನು ತಿಪ್ಪೆಗೆ ಹಾಕಿ, ಚೆನ್ನಾಗಿ ಕಾವೇರಿ ಕೊಳೆಯುವ ಮೊದಲೇ ಆ ಗೊಬ್ಬರವನ್ನು ಹೊಲಕ್ಕೆ ಹೊಡೆದರೆ, ಕಳೆಯನ್ನು ನಾವೇ ಬಿತ್ತಿದಂತಾಗುವುದು. ಕಳೆನಾಶಕ ಔಷಧಗಳನ್ನು ಬಳಸಬೇಕೆನ್ನುವವರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಬೆಳೆಯನ್ನೂ ಅದರ ವಯಸ್ಸನ್ನೂ ತಿಳಿಸಿ ಸಲಹೆ ಪಡೆಯತಕ್ಕದ್ದು. ಹಾಗೆ ಔಷಧ ಹೊಡೆದ ಹೊಲದ ಗೋಣಿಯನ್ನು ಮನುಷ್ಯರು ತಿನ್ನಕೂಡದು, ದನಕರುಗಳಿಗೂ ಹಾಕಕೂಡದು.

ಕುರಿ ಮತ್ತು ದನಕರುಗಳ ವಿಷಯದಲ್ಲಿ ಎಚ್ಚರಿಕೆ

ಗೋಣಿಯ ಹುಳಿರುಚಿಗೆ ಆಕ್ಸಾಲಿಕ್ ಆಮ್ಲವೆಂಬ ವಸ್ತುವೂ ಒಂದು ಕಾರಣ. ದೊಡ್ಡಗೋಣಿಯ ನೂರು ಗ್ರಾಮು ಹಸಿ ಸೊಪ್ಪಿನಲ್ಲಿ ಇದು ಒಂದು ಗ್ರಾಮಿಗೂ ಮಿಕ್ಕಿ ಇರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಸಣ್ಣಗೋಣಿಯೂ ಇದೇ ಕುಲದ್ದಾದುದರಿಂದ ಎರಡರ ವಿಷಯದಲ್ಲಿಯೂ ಒಂದೇ ಎಚ್ಚರಿಕೆಯನ್ನು ವಹಿಸುವುದು ಕ್ಷೇಮ. ಸೊಪ್ಪು ಮಿತಿಯಲ್ಲಿದ್ದಾಗ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಈ ಆಮ್ಲವನ್ನು ಒಡೆದು ನಿರಪಾಯವಾಗಿ ಮಾಡುತ್ತವೆ. ಆದರೆ ಹಸಿದ ಪ್ರಾಣಿಯು ಅಭ್ಯಾಸವಿಲ್ಲದೆ ಒಂದೇ ಸಲಕ್ಕೆ ಹೊಟ್ಟೆ ತುಂಬ ಮೇದರೆ, ಆಮ್ಲವು ರಕ್ತಕ್ಕೆ ಸೇರಿ ಅಲ್ಲಿರುವ ಸುಣ್ಣದ ಅಂಶವನ್ನು ಹಿಡಿದುಕೊಳ್ಳುತ್ತದೆ. ಆಗ ಪ್ರಾಣಿಯು ನಡುಗುತ್ತದೆ, ತೂರಾಡುತ್ತದೆ, ಬಲಗುಂದಿ ಬಿದ್ದುಬಿಡುತ್ತದೆ. ಕೆಲವು ಗಂಟೆಗಳಲ್ಲಿ ಸಾಯುವುದೂ ಉಂಟು. ಬದುಕಿದರೂ ಮೂತ್ರಪಿಂಡಗಳು ಕೆಡುವ ಭಯವಿರುತ್ತದೆ. ಆಸ್ಟ್ರೇಲಿಯದ ಕುರಿಸಾಕಣೆಯ ಪ್ರಾಂತಗಳಲ್ಲಿ ದೊಡ್ಡಗೋಣಿಯಿಂದ ಇಂತಹ ಸಾವುಗಳು ಸಂಭವಿಸಿರುವುದು ಪಶುವೈದ್ಯರಿಗೆ ತಿಳಿದ ವಿಷಯ.

ನಮ್ಮಲ್ಲಿ ಇದಕ್ಕೆ ಆಸ್ಪದವಾಗುವ ಕಾಲವು ಬೇಸಗೆಯ ಕಡೆ. ಒಣಮೇವು ತೀರಿ, ದೂರದಿಂದ ನಡೆದು ದಣಿದು ಬಂದ ಮಂದೆಗೆ, ಮೊದಲ ಮಳೆಯಲ್ಲಿ ಹಸುರೆಂಬುದು ಗೋಣಿಯೊಂದೇ ಆಗಿರುವಾಗ ಅಪಾಯವು ಹೆಚ್ಚು. ಆದಕಾರಣ ಹಸಿದ ಮಂದೆಯನ್ನು ಬರಿಯ ಗೋಣಿಯಿರುವ ಪಾಳುಹೊಲಕ್ಕೆ ಬಿಡಕೂಡದು. ಮೊದಲು ಒಣಹುಲ್ಲನ್ನೂ ನೀರನ್ನೂ ಕೊಟ್ಟು, ಮೊದಲನೆಯ ದಿವಸ ಸ್ವಲ್ಪ ಹೊತ್ತು ಮಾತ್ರ ಮೇಯಿಸಿ, ದಿನೇ ದಿನೇ ಹೆಚ್ಚಿಸತಕ್ಕದ್ದು. ಹಾಲು ಕೊಡುವ ಹಸು ಎಮ್ಮೆಗಳಿಗೆ ಸುಣ್ಣದ ಅಂಶವು ಹೆಚ್ಚಾಗಿ ಬೇಕಾಗುವುದರಿಂದ ಅವುಗಳಿಗೆ ಕಳೆಯ ಗೋಣಿಯನ್ನೇ ಹೊರೆಹೊರೆಯಾಗಿ ಹಾಕಬಾರದು. ಇತರ ಮೇವಿನೊಡನೆ ಬೆರೆಸಿ ಕೊಡಬೇಕು. ಹೆಚ್ಚು ಗೊಬ್ಬರ ತಿಂದ ನೆಲದ ಗೋಣಿಯಲ್ಲಿ ನೈಟ್ರೇಟ್ ಎಂಬ ಮತ್ತೊಂದು ದೋಷವೂ ಸೇರಿಕೊಳ್ಳುವುದುಂಟು. ಪ್ರಾಣಿಯು ನಡುಗಲು ಆರಂಭಿಸಿದರೆ ಮನೆಮದ್ದಿನಲ್ಲಿ ಕಾಲಹರಣ ಮಾಡದೆ ಪಶುವೈದ್ಯರನ್ನು ಕರೆಯಿಸಬೇಕು. ಅವರು ಸುಣ್ಣದ ಅಂಶವುಳ್ಳ ಔಷಧವನ್ನು ರಕ್ತನಾಳಕ್ಕೆ ಕೊಟ್ಟು ಚಿಕಿತ್ಸೆ ಮಾಡುವರು.

ಆಹಾರವಾಗಿ ಗೋಣಿ

ಇಷ್ಟು ದೋಷಗಳನ್ನು ಹೇಳಿದ ಮಾತ್ರಕ್ಕೆ ಈ ಗಿಡವು ತ್ಯಾಜ್ಯವೆಂದು ತಿಳಿಯಬಾರದು. ಬಿತ್ತದೆ, ನೀರು ಹೊಯ್ಯದೆ, ಕೂಲಿ ಕೊಡದೆ ದೊರೆಯುವ ಈ ಸೊಪ್ಪು ಬಡವರ ಊಟಕ್ಕೆ ದೊಡ್ಡ ಸಹಾಯ. ಇದರಲ್ಲಿ ಕಬ್ಬಿಣ, ಮೆಗ್ನೀಷಿಯಮ್, ಪೊಟಾಷಿಯಮ್ ಮೊದಲಾದ ಲವಣಗಳೂ, ಸಿ ಜೀವಸತ್ತ್ವವೂ ಇವೆ. ಇದಲ್ಲದೆ ಸಾಮಾನ್ಯವಾದ ಸೊಪ್ಪುಗಳಲ್ಲಿ ಅಲ್ಪವಾಗಿರುವ ಒಮೇಗ-೩ ಎಂಬ ಹಿತಕರವಾದ ಕೊಬ್ಬಿನ ಅಂಶವು ದೊಡ್ಡಗೋಣಿಯ ನೂರು ಗ್ರಾಮು ಎಲೆಯಲ್ಲಿ ೩೦೦ರಿಂದ ೪೦೦ ಮಿಲಿಗ್ರಾಮಿನಷ್ಟು ಇರುವುದೆಂದು ಸಂಶೋಧಕರು ೧೯೯೨ರಲ್ಲಿ ಪ್ರಕಟಿಸಿದರು. ಸಣ್ಣಗೋಣಿಯನ್ನೂ ದೊಡ್ಡಗೋಣಿಯಂತೆಯೇ ಅಡುಗೆಗೆ ಬಳಸುವರು. ಆದರೆ ಎಲೆಯು ಚಿಕ್ಕದಾದುದರಿಂದ ಆಯ್ದು ಮಣ್ಣು ತೊಳೆಯುವ ಶ್ರಮವು ಹೆಚ್ಚು. ದೊಡ್ಡಗೋಣಿಯಲ್ಲಿಯಾದರೋ ನೆಟ್ಟಗೆ ಬೆಳೆದು ಅಗಲವಾದ ಎಲೆ ಬಿಡುವ ಒಂದು ತಳಿಯನ್ನು ತೋಟಗಳಲ್ಲಿ ಬಿತ್ತಿ ಬೆಳೆಯುವ ರೂಢಿಯೂ ಇದೆ. ಚೌಳಿನ ಅಂಶವನ್ನು ಸಹಿಸಬಲ್ಲ ಗಿಡವಾದುದರಿಂದ ಉಪ್ಪುನೆಲಗಳಲ್ಲಿಯೂ ಇದು ಬೆಳೆಯುವುದು. ಆಸ್ಟ್ರೇಲಿಯದ ಮೂಲನಿವಾಸಿಗಳು ಇದರ ಬೀಜವನ್ನೇ ಕೂಡಿಸಿ ಅರೆದು ಹಿಟ್ಟು ಮಾಡಿಕೊಳ್ಳುತ್ತಿದ್ದರು.

ಅಡುಗೆಯಲ್ಲಿ ಎರಡು ನಿಯಮಗಳನ್ನು ಪಾಲಿಸಿದರೆ ಆಕ್ಸಾಲಿಕ್ ಆಮ್ಲದ ಬಾಧೆಯು ಬಹುಮಟ್ಟಿಗೆ ತಗ್ಗುವುದು. ಸೊಪ್ಪನ್ನು ಬೇಯಿಸಿ ಆ ನೀರನ್ನು ಚೆಲ್ಲಿಬಿಡುವುದು ಒಂದು. ಮೊಸರು ಮಜ್ಜಿಗೆಗಳೊಡನೆ ಸೇರಿಸಿ ತಿನ್ನುವುದು ಇನ್ನೊಂದು. ಮೊಸರಿನಲ್ಲಿರುವ ಸುಣ್ಣದ ಅಂಶವು ಆಮ್ಲವನ್ನು ಹೊಟ್ಟೆಯಲ್ಲಿಯೇ ಕಟ್ಟಿಹಾಕಿ ರಕ್ತಕ್ಕೆ ಸೇರದಂತೆ ತಡೆಯುತ್ತದೆ. ಗೋಣಿಯ ಮಜ್ಜಿಗೆಹುಳಿಯು ರುಚಿಗೆ ಮಾತ್ರವಲ್ಲದೆ ಆರೋಗ್ಯಕ್ಕೂ ತಕ್ಕದ್ದೆಂದು ಇದರಿಂದ ತಿಳಿಯುವುದು. ತುರ್ಕಿಯವರೂ ಈ ಸೊಪ್ಪನ್ನು ಮೊಸರಿನೊಡನೆಯೇ ಸೇವಿಸುವರು. ಮೂತ್ರಪಿಂಡದಲ್ಲಿ ಕಲ್ಲಿನ ಬೇನೆಯಿರುವವರು ಮಾತ್ರ ಇದನ್ನು ವರ್ಜಿಸುವುದು ಲೇಸು.

ಗ್ರಾಮದ ಹಿರಿಯರು ಮಾಡಬೇಕಾದುದು

ಮೇಲೆ ಹೇಳಿದುದರ ಸಾರಾಂಶವಿಷ್ಟು: ಹೊಲಕ್ಕೆ ಹೋದಾಗ ಎಲೆಯ ಜೋಡಣೆ, ಗೆಣ್ಣಿನ ಕೂದಲು, ಗೆಣ್ಣಿನ ಬೇರು ಈ ಮೂರನ್ನು ನೋಡಿ ಎರಡು ಜಾತಿಗಳನ್ನು ಗುರುತಿಸಬೇಕು. ದೊಡ್ಡಗೋಣಿಗೆ ಬೀಜ ಕಟ್ಟಲು ಅವಕಾಶ ಕೊಡಬಾರದು; ಸಣ್ಣಗೋಣಿಯನ್ನು ತುಂಡುಮಾಡಿ ಬಿಡಬಾರದು. ಒಬ್ಬರು ತಮ್ಮ ಹೊಲವನ್ನು ಶುದ್ಧವಾಗಿಟ್ಟರೂ ನೆರೆಯ ಬೀಳುಭೂಮಿಯಲ್ಲಿಯೂ, ಬದುಗಳಲ್ಲಿಯೂ, ಕಾಲುವೆಯ ಏರಿಯಲ್ಲಿಯೂ ಗಿಡಗಳು ಬೀಜ ಉದುರಿಸುತ್ತಿದ್ದರೆ ಮಳೆಯ ನೀರಿನೊಡನೆ ಅವು ಮರಳಿ ಬರುತ್ತವೆ. ಆದುದರಿಂದ ಇದು ಒಬ್ಬೊಬ್ಬರ ಕೆಲಸವಾಗದೆ ಊರವರೆಲ್ಲರ ಕೆಲಸವಾಗತಕ್ಕದ್ದು. ಮುಂಗಾರು ಮಳೆಯಾದ ಎರಡು ಮೂರು ವಾರಗಳೊಳಗಾಗಿ ಒಂದು ದಿವಸವನ್ನು ಗೊತ್ತುಮಾಡಿ ಊರೊಟ್ಟಿನ ಜಾಗಗಳಲ್ಲಿ ಇದನ್ನು ಕೀಳಿಸಿದರೆ, ಅಡುಗೆಗೆ ಸೊಪ್ಪೂ ಆಗುವುದು, ಹೊಲಗಳಿಗೆ ರಕ್ಷಣೆಯೂ ಆಗುವುದು. ಆ ಕಾಲಕ್ಕೆ ಊರಿಗೆ ಬರುವ ಕುರಿಗಾಹಿಗಳಿಗೆ ಹಸಿದ ಮಂದೆಯ ವಿಷಯವನ್ನು ಮೊದಲೇ ತಿಳಿಸಿ, ಮೇಯಿಸುವ ಮುನ್ನ ನೀರಿಗೂ ಒಣಮೇವಿಗೂ ಏರ್ಪಾಡು ಮಾಡಿಕೊಟ್ಟರೆ, ಒಂದು ಕುಟುಂಬದ ವರ್ಷದ ಜೀವನವನ್ನು ಉಳಿಸಿದಂತಾಗುವುದು.